ಅರ್ಧ ಇಂಚಿನ ಸೇವೆ

ಕಾಣದ ಊರಿನ ಕಾಣದ ಜನರನ್ನು ಪ್ರೀತಿಸುವುದು ಅಂಥ ಕಷ್ಟವೇನಲ್ಲ. ಅವರಿಗೆಂದು ಕೌದಿ ಹೊಲಿಯಲು ಕೂತಾಗ, ನಮ್ಮ ಬಟ್ಟೆ ಕತ್ತರಿ ಎತ್ತಿಕೊಂಡು ಅದರಲ್ಲಿ ರಟ್ಟು ಕತ್ತರಿಸುವ ಪಕ್ಕದ ಆಂಟಿ ಇರುತ್ತಾರಲ್ಲ, ಅವರನ್ನು ಪ್ರೀತಿಸುವುದು ಕಷ್ಟ. ಕಾಗದ, ರಟ್ಟು ಕತ್ತರಿಸಿದರೆ ಬಟ್ಟೆ ಕತ್ತರಿ ಮೊಂಡಾಗುತ್ತದೆ. ದೇವರು ಬೆಟ್ಟದ ಮೇಲೆ ಮೋಶೆಗೆ ಕೊಟ್ಟ ಹತ್ತು ಆಜ್ಞೆಗಳಲ್ಲಿ ಈ ವಿಷಯ ಬರುವುದಿಲ್ಲ, ನಿಜ. ಮೋಶೆಯ ಜೊತೆ ಹೊಲಿಗೆ ಗೊತ್ತಿದ್ದವರು ಯಾರಾದರೂ ಬೆಟ್ಟ ಹತ್ತಿದ್ದರೆ ಹನ್ನೊಂದನೆಯದನ್ನು ಬರೆಸಿಕೊಂಡೇ ಇಳಿಯುತ್ತಿದ್ದರು.

ನಮ್ಮ ಚರ್ಚಿನ ಕೌದಿ ಗುಂಪು ವಾರಕ್ಕೊಮ್ಮೆ ಸೇರುತ್ತದೆ. ಮೊದಲು ಪ್ರಾರ್ಥನೆ, ಆಮೇಲೆ ಹೊಲಿಗೆ, ನಡುನಡುವೆ ಸಣ್ಣಪುಟ್ಟ ಜಗಳ. ನಮಗೆಲ್ಲ ಮೇಲ್ಪಂಕ್ತಿ ಹಾಕಿಕೊಟ್ಟವಳು ದೊರ್ಕ. ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 9ನೇ ಅಧ್ಯಾಯದಲ್ಲಿ ಬರುತ್ತಾಳೆ. ಯೊಪ್ಪದವಳು, ತಬಿಥಾ ಅಂತಲೂ ಹೆಸರು. ಅವಳು ತೀರಿಕೊಂಡಾಗ ಊರಿನ ವಿಧವೆಯರೆಲ್ಲ ಅಳುತ್ತಾ, ಅವಳು ಮಾಡಿಕೊಟ್ಟ ಅಂಗಿಗಳನ್ನು ಯೇಸುವಿನ ಶಿಷ್ಯ ಪೇತ್ರನಿಗೆ ತೋರಿಸಿದರಂತೆ. ಪೇತ್ರ ಪ್ರಾರ್ಥನೆ ಮಾಡಿದ, ಅವಳು ಎದ್ದು ಕೂತಳು. ಮುಂದೆ 19ನೇ ಶತಮಾನದಲ್ಲಿ ಬಡವರಿಗೆ ಬಟ್ಟೆ ಹೊಲಿದುಕೊಡುವ ಎಷ್ಟೋ ಚರ್ಚ್ ಸಂಘಗಳು ಅವಳ ಹೆಸರನ್ನೇ ಇಟ್ಟುಕೊಂಡವು. ಯೊಪ್ಪದಲ್ಲಿ ಯಾರೂ ದೊರ್ಕಳ ಅಂಗಿಗಳನ್ನು ಒಳಮಗ್ಗುಲು ತಿರುಗಿಸಿ ಹೊಲಿಗೆ ನೋಡಿದಂತಿಲ್ಲ. ನಮ್ಮ ಗುಂಪಿನ ಹಿರಿಯ ಆಂಟಿ ಅಲ್ಲಿ ಇದ್ದಿದ್ದರೆ ಅದನ್ನು ನೋಡಿಯೇ ಅಳಲು ಶುರುಮಾಡುತ್ತಿದ್ದರು.

ಕೌದಿಯ ಅಳತೆ 60 ಇಂಚು ಅಗಲ, 80 ಇಂಚು ಉದ್ದ. ಕಷ್ಟದಲ್ಲಿರುವವರಿಗೆ ನೆರವು ಕಳಿಸುವ, 1945ರಲ್ಲಿ ಶುರುವಾದ ಲೂಥರನ್ ವರ್ಲ್ಡ್ ರಿಲೀಫ್ ಸಂಸ್ಥೆ ತನಗೆ ಬರುವ ಕೌದಿಗಳಿಗೆ ಇಟ್ಟಿರುವ ಅಳತೆ ಇದು. ನಾವೂ ಅದನ್ನೇ ಹಿಡಿದಿದ್ದೇವೆ. ಲೆಕ್ಕ ಬಹಳ ಸುಲಭ. 11 ಇಂಚಿನ ಚೌಕಗಳನ್ನು ಕತ್ತರಿಸಬೇಕು. ಸುತ್ತ ಅರ್ಧ ಇಂಚು ಹೊಲಿಗೆಗೆ ಬಿಟ್ಟರೆ ಉಳಿಯುವುದು 10 ಇಂಚು. ಅಡ್ಡಕ್ಕೆ ಆರು, ಉದ್ದಕ್ಕೆ ಎಂಟು, ಒಟ್ಟು 48 ಚೌಕ. ಚಿಕ್ಕ ಮಕ್ಕಳೂ ಮಾಡಬಹುದು. ನಮ್ಮಲ್ಲಿ ದೊಡ್ಡವರು ಮಾಡುತ್ತಾರೆ, ಅದೇ ತೊಂದರೆ.

ಒಬ್ಬ ಅಕ್ಕ ಅರ್ಧ ಇಂಚು ಬಿಟ್ಟು ಹೊಲಿದರು. ಇನ್ನೊಬ್ಬ ಅಕ್ಕ ಮೊದಲಿಂದಲೂ ಕಾಲು ಇಂಚಿನವರು, ಅವರ ಅಮ್ಮನೂ ಕಾಲು ಇಂಚಿನವರೇ ಅಂತೆ. ಒಂದು ಸಾಲು 60 ಇಂಚು ಬಂತು. ಅದಕ್ಕೆ ಕೂಡಬೇಕಾದ ಮುಂದಿನ ಸಾಲು 63. ನಿವೃತ್ತ ಎಂಜಿನಿಯರ್ ಅಂಕಲ್ ಒಬ್ಬರು ನಮ್ಮ ಗುಂಪಿನಲ್ಲಿದ್ದಾರೆ. ಅವರು ಪೆನ್ಸಿಲ್ ತೆಗೆದು, "ನೋಡಿ, ಒಂದೊಂದು ಚೌಕಕ್ಕೂ ಅರ್ಧ ಇಂಚು ಜಾಸ್ತಿ ಉಳಿದಿದೆ, ಆರಕ್ಕೆ ಮೂರು" ಅಂತ ಬಿಡಿಸಿ ಹೇಳಿದರು. ಲೆಕ್ಕ ಎಲ್ಲರಿಗೂ ಅರ್ಥವಾಯಿತು. ಬಿಚ್ಚುವವರು ಯಾರು ಅನ್ನುವುದು ಮಾತ್ರ ಇತ್ಯರ್ಥ ಆಗಲಿಲ್ಲ. "ಪ್ರೀತಿ ಬಹು ತಪ್ಪುಗಳನ್ನು ಮುಚ್ಚುತ್ತದೆ ಅಂತ ಪೇತ್ರನೇ ಬರೆದಿದ್ದಾನೆ, ಮೂರು ಇಂಚು ಯಾವ ಲೆಕ್ಕ?" ಅಂದರು ಕಾಲು ಇಂಚಿನ ಅಕ್ಕ. "ಪ್ರೀತಿ ಮುಚ್ಚುತ್ತೆ, ಕೌದಿ ಮುಚ್ಚಲ್ಲ. ಬಿಚ್ಚಮ್ಮ" ಅಂದರು ಹಿರಿಯ ಆಂಟಿ.

ಹಳೆಯ ಕಾಲದ ಭಕ್ತರು ಕೌದಿಯಲ್ಲಿ ಬೇಕಂತಲೇ ಒಂದು ತಪ್ಪು ಬಿಡುತ್ತಿದ್ದರು, ದೇವರೊಬ್ಬನೇ ಪರಿಪೂರ್ಣ ಅಂತ ತೋರಿಸಲು, ಅನ್ನುವ ಕಥೆಯೊಂದು ಎಲ್ಲ ಕಡೆ ಓಡಾಡುತ್ತದೆ. ಅದು ಬರೀ ಕಟ್ಟುಕಥೆ ಅಂತ ನನ್ನ ಅಭಿಪ್ರಾಯ. ಹತ್ತು ಜನ ಸೇರಿ ಹೊಲಿದು ನೋಡಿದವರು ಯಾರೂ ತಪ್ಪಿಗಾಗಿ ಪ್ರತ್ಯೇಕ ಪ್ರಯತ್ನ ಬೇಕು ಅಂತ ಹೇಳುವುದಿಲ್ಲ.

ಇನ್ನು ಬಾಬಿನ್, ಅಂದರೆ ಮಷೀನಿನ ಕೆಳಗಿನ ನೂಲು ಸುತ್ತಿಡುವ ಪುಟ್ಟ ಉರುಳೆ. ಕೆಳಗಿನ ನೂಲು ಮುಗಿದಿದೆ ಅಂತ ನಮ್ಮ ಮಷೀನು ಹೇಳುವುದಿಲ್ಲ. ಅದೇ ಸದ್ದು, ಅದೇ ವೇಗ. ಸೂಜಿ ಏಳುತ್ತದೆ, ಇಳಿಯುತ್ತದೆ, ಬಟ್ಟೆಯ ಮೇಲೆ ತೂತು ಸಾಲಾಗಿ ಬೀಳುತ್ತಾ ಹೋಗುತ್ತದೆ. ಎಲ್ಲರೂ ಕೀರ್ತನೆ ಹಾಡುತ್ತಾ ಭಕ್ತಿಯಲ್ಲಿ ಮುಳುಗಿದ್ದಾಗಲೇ ಇದು ಆಗುವುದು. ಹಾಡು ಮುಗಿದು, ಆಮೆನ್ ಆಗಿ, ಹೊಲಿದವರು ಹೆಮ್ಮೆಯಿಂದ ಬಟ್ಟೆ ಎತ್ತಿದರೆ ಎರಡು ಚೌಕ ಕೈಯಲ್ಲಿ, ಉಳಿದದ್ದು ನೆಲದ ಮೇಲೆ.

ಬಟ್ಟೆ ಬರುವುದು ದಾನದ ಮೂಟೆಗಳಿಂದ. ಅದರಲ್ಲಿ ಹಳೆಯ ಪರದೆ, ಹಿಗ್ಗುವ ಟೀ ಶರ್ಟು, ತೊಳೆದರೆ ಪಕ್ಕದ ಬಿಳಿಯನ್ನೂ ಗುಲಾಬಿ ಮಾಡುವ ಕೆಂಪು, ಎಲ್ಲ ಇರುತ್ತದೆ. ಜೀನ್ಸ್‌ಗೆ 16ನೇ ನಂಬರಿನ ದಪ್ಪ ಸೂಜಿ ಹಾಕಿ ಅಂತ ಗೋಡೆಗೆ ಚೀಟಿ ಅಂಟಿಸಿದ್ದೇವೆ. ಸೂಜಿ ಪಟ್ ಅಂತ ಮುರಿದ ಮೇಲೆ ಎಲ್ಲರೂ ಆ ಚೀಟಿ ಓದುತ್ತಾರೆ.

ಮೇಲಿನ ಹಾಸು, ನಡುವೆ ಹತ್ತಿಯೋ ಪಾಲಿಯೆಸ್ಟರೋ, ಕೆಳಗಿನ ಹಾಸು. ಈ ಮೂರನ್ನೂ ಸೇರಿಸಿ ನಾಲ್ಕರಿಂದ ಆರು ಇಂಚಿಗೊಂದರಂತೆ ದಪ್ಪ ದಾರದಲ್ಲಿ ಗಂಟು ಹಾಕಬೇಕು. ಇಲ್ಲದಿದ್ದರೆ ಒಗೆದಾಗ ಒಳಗಿನದೆಲ್ಲ ಸರಿದು ಒಂದು ಮೂಲೆಗೆ ಹೋಗಿ ಕೂರುತ್ತದೆ. ಗಂಟಿಗೂ ಕ್ರಮ ಇದೆ. ಬಲದ ಎಳೆ ಎಡದ ಮೇಲೆ, ಆಮೇಲೆ ಎಡದ್ದು ಬಲದ ಮೇಲೆ. ಎರಡು ಸಲವೂ ಒಂದೇ ಕಡೆಯಿಂದ ಹಾಕಿದರೆ ಜಾರುತ್ತದೆ. ಇದರಲ್ಲಿ ಅಂಕಲ್‌ದು ಎತ್ತಿದ ಕೈ. ಒಮ್ಮೆ ಒಂದು ಇಡೀ ಕೌದಿಗೆ ಅವರೇ ಗಂಟು ಹಾಕಿದರು. ಎಳೆದರೆ ಒಂದೂ ಜಾರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿ, ನಾಲ್ಕು ಮೂಲೆ ಹಿಡಿದು ಎತ್ತಿದರೆ ಮೇಜಿನ ಹಾಸೂ ಜೊತೆಗೇ ಎದ್ದು ಬಂತು. ಅದರ ಆ ತುದಿಯಲ್ಲಿ ಗುಂಡಿಗಳ ಡಬ್ಬಿ ಇತ್ತು. ಅಂಗಿಗಳಿಂದ ಕಿತ್ತು, ಬಣ್ಣ ನೋಡಿ ಬೇರೆ ಬೇರೆ ಮಾಡಿಟ್ಟ ಗುಂಡಿಗಳೆಲ್ಲ ನೆಲದ ಮೇಲೆ ಒಂದಾದವು. "ಗಂಟು ಗಟ್ಟಿ ಇದೆ, ಅದನ್ನಾದರೂ ಒಪ್ಪಿಕೊಳ್ಳಿ" ಅಂದರು ಅಂಕಲ್, ಮೊಣಕಾಲೂರಿ ಗುಂಡಿ ಹುಡುಕುತ್ತಾ.

ಕಳಿಸುವ ಮುಂಚಿನ ಭಾನುವಾರ ಕೌದಿಗಳನ್ನು ಚರ್ಚಿನ ಬೆಂಚುಗಳ ಮೇಲೆ ಹಾಸಿ ಆಶೀರ್ವಾದದ ಪ್ರಾರ್ಥನೆ ಮಾಡುತ್ತಾರೆ. ನೋಡಲು ಚೆಂದ. ಅವತ್ತು ಪಾಸ್ಟರ್ ಪ್ರಸಂಗ ಮಾಡುವ ಹೊತ್ತಿಗೆ ನಿದ್ದೆ ಹೋಗುವವರು ಜಾಸ್ತಿ. ಪಾಸ್ಟರ್ ಅದನ್ನು ಕೌದಿಯ ಗುಣಮಟ್ಟಕ್ಕೆ ಸಾಕ್ಷಿ ಅಂತ ತೆಗೆದುಕೊಂಡಿದ್ದಾರೆ, ದೊಡ್ಡ ಮನಸ್ಸು. ಅಂಥ ಒಂದು ಭಾನುವಾರ ಸಭಿಕರೊಬ್ಬರು ಕೂತಲ್ಲೇ ಬಗ್ಗಿ, ಬೂದು ಬಣ್ಣದ ಚೌಕವೊಂದನ್ನು ಬಹಳ ಹೊತ್ತು ನೋಡಿದರು. ಅದರಲ್ಲಿ ಜೇಬು ಹಾಗೇ ಇತ್ತು. ಕೈ ಹಾಕಿದರು. ಒಂದು ಚೀಟಿ ಸಿಕ್ಕಿತು, ಅವರದೇ ಕೈಬರಹ. ಮೂರು ಸಾಲು ಹಿಂದೆ ಕೂತಿದ್ದ ಹೆಂಡತಿಯ ಕಡೆ ತಿರುಗಿದರು. ಆಕೆ ಗಟ್ಟಿಯಾಗಿ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದರು. ಎರಡು ಅಂಗಿ ಇರುವವನು ಇಲ್ಲದವನಿಗೆ ಒಂದು ಕೊಡಲಿ ಅಂತ ಬೈಬಲಿನಲ್ಲಿ ಸ್ನಾನಿಕ ಯೋಹಾನ ಹೇಳಿದ್ದಾನೆ. ಪ್ಯಾಂಟಿನ ಮಾತು ಎಲ್ಲೂ ಬರುವುದಿಲ್ಲ ಅನ್ನುವುದು ಆ ಸಭಿಕರ ವಾದ.

ನಮ್ಮ ಕೌದಿಗಳ ಮೇಲೆ ಶಿಲುಬೆ, ವಾಕ್ಯ ಏನೂ ಇರುವುದಿಲ್ಲ. ಯಾರು ಹೊದ್ದುಕೊಳ್ಳುತ್ತಾರೋ ಅವರ ದೇವರು ಯಾರು ಅಂತ ನಾವು ಕೇಳುವವರಲ್ಲ. ಇದು ನನಗೆ ತುಂಬಾ ಹಿಡಿಸಿದ ನಿಯಮ. ಅಲ್ಲಿಗೆ ಹೋದ ಮೇಲೆ ಅದು ಬರೀ ಹೊದಿಕೆಯಾಗಿಯೂ ಉಳಿಯುವುದಿಲ್ಲ. ನಿರಾಶ್ರಿತರ ಶಿಬಿರಗಳಲ್ಲಿ ನೆಲಹಾಸು, ಬಿಸಿಲಿಗೆ ಮರೆ, ಗೋಡೆ ಇಲ್ಲದ ಕಡೆ ಪರದೆ, ಹೀಗೆ ಏನೇನೋ ಆಗುತ್ತದೆ. ಪಾಸ್ಟರ್ ಇದನ್ನು ಹೇಳಿದಾಗ ಕೆಲವರ ಕಣ್ಣು ಒದ್ದೆಯಾಯಿತು. ಹಿರಿಯ ಆಂಟಿ ಗಾಬರಿಯಾದರು. "ಪರದೆನಾ? ಅಂದ್ರೆ ಹಿಂಭಾಗನೂ ಎಲ್ಲರಿಗೂ ಕಾಣುತ್ತೆ!" ಆ ವಾರ ಮತ್ತೆ ಎಲ್ಲ ಬಿಚ್ಚಿದೆವು.

ಕೊನೆಯ ಕೆಲಸ ಸೂಜಿ ಲೆಕ್ಕ. ಮಗು ಮಲಗುವ ಕೌದಿಯಲ್ಲಿ ಗುಂಡುಸೂಜಿ ಉಳಿಯಬಾರದಲ್ವಾ? ಹೊಲಿಯುವ ಮುಂಚೆ ಎಣಿಸಿ ಬರೆದಿಡುತ್ತೇವೆ, ಮುಗಿದ ಮೇಲೆ ಕೌದಿಯ ಮೇಲೆಲ್ಲ ಅಯಸ್ಕಾಂತ ಓಡಿಸಿ ಮತ್ತೆ ಎಣಿಸುತ್ತೇವೆ. ಕಳೆದ ಸಲ ಬರೆದಿದ್ದು 40, ಸಿಕ್ಕಿದ್ದು 41. ಕಡಿಮೆ ಬಂದರೆ ಏನು ಮಾಡಬೇಕು ಅಂತ ನಿಯಮ ಇದೆ, ಜಾಸ್ತಿ ಬಂದರೆ ಇಲ್ಲ. ಯೇಸು ಐದು ರೊಟ್ಟಿ ಎರಡು ಮೀನಿನಲ್ಲಿ ಸಾವಿರಾರು ಜನರಿಗೆ ಉಣಿಸಿದ ಅದ್ಭುತದ ಹಾಗೆ ಇದೂ ಒಂದು ಅಂತ ಕಾಲು ಇಂಚಿನ ಅಕ್ಕ ಕೈ ಮುಗಿದರು. ಅಂಕಲ್ ಆಗಲೇ ಕನ್ನಡಕ ಏರಿಸಿ ಮೊದಲಿಂದ ಎಣಿಸುತ್ತಿದ್ದರು.