ಮೊದಲ ಮಾತು ಕೆಳಗಿನ ತೂಬಿನವರದು

ರಾಯಚೂರು ಜಿಲ್ಲೆಯ ಸಿಂಧನೂರು, ಮಾನ್ವಿ, ಸಿರವಾರ ಕಡೆ ನೀರು ಬಳಕೆದಾರರ ಸಂಘದ, ಅಂದ್ರೆ ಕಾಲುವೆ ನೀರು ಹಂಚ್ಕೊಳ್ಳೋ ರೈತರ ಸಂಘದ, ಸಭೆ ಅಂದ್ರೆ ಬಹಳ ಕಡೆ ಇಷ್ಟೇ: ಬಂದ ಕೂಡಲೇ ಹಾಜರಿ ಪುಸ್ತಕಕ್ಕೆ ಸಹಿ, ಅಧ್ಯಕ್ಷರ ಭಾಷಣ, ಇಬ್ಬರ ಜಗಳ, ಚಹಾ. ಠರಾವು ಆಮೇಲೆ ಯಾರದೋ ಮನೆಯಲ್ಲಿ ಕೂತು ಬರೆದಿದ್ದು.

ಕೆಡೋದು ಪ್ರಶ್ನೆಯಿಂದ. ‘ನೀರು ಯಾಕ ಬರವಲ್ದು?’ ಅಂತ ಕೇಳಿದ್ರೆ ಮಾತು ಮೇಲ್ಭಾಗದ ಅಕ್ರಮ ಪಂಪ್‌ಸೆಟ್‌ಗೆ, ಅಲ್ಲಿಂದ ತುಂಗಭದ್ರಾ ಜಲಾಶಯದ ಹೂಳಿಗೆ, 2024ರ ಆಗಸ್ಟ್‌ನಲ್ಲಿ ಕೊಚ್ಚಿಹೋದ ಅದರ 19ನೇ ಗೇಟಿಗೆ ಹೋಗಿ ನಿಲ್ಲುತ್ತೆ. ಎಲ್ಲಾ ಖರೇನೇ. ಆದ್ರೆ ಅದ್ಯಾವುದೂ ಆ ಸಭೆಯ ಕೈಯಲ್ಲಿಲ್ಲ. ‘ಬರೋ ಸೋಮವಾರದಿಂದ ನಮ್ಮ ಉಪಕಾಲುವೆಯ ಯಾವ ತೂಬು ಎಷ್ಟು ತಾಸು ತೆರೀಬೇಕು?’ ಅಂತ ಕೇಳಿ ನೋಡಿ, ಮಾತಿನ ದಾರಿಯೇ ಬೇರೆ ಆಗುತ್ತೆ. ಕಾಲುವೆ ನೋಡ್ಕೊಳ್ಳೋ ಗ್ಯಾಂಗ್‌ಮನ್ ಹತ್ತಿರ ಹಿಂದಿನ ವಾರದ ಗೇಜ್ ಲೆಕ್ಕ (ಕಾಲುವೆ ನೀರಿನ ಮಟ್ಟದ ಲೆಕ್ಕ) ಇಸ್ಕೊಂಡು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಹಚ್ಚಿ. ಲೆಕ್ಕ ಎದುರಿಗಿದ್ರೆ ಜಗಳ ಅರ್ಧ ಇಳಿಯುತ್ತೆ.

ಜಾಗದ ಬಗ್ಗೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ. ಗುಡಿ ಕಟ್ಟೆ ಮೇಲೆ ಸಭೆ ಕರೆದ್ರೆ ಗೌಡ್ರು ಮೇಲೆ ಕೂರ್ತಾರೆ, ಉಳಿದವರು ಕೆಳಗೆ ನಿಲ್ತಾರೆ, ಕೆಲವರು ಆ ಕಡೆ ಬರೋದೇ ಇಲ್ಲ. ಶಾಲೆಯ ಕೋಣೆ ವಾಸಿ. ವೇದಿಕೆ ಬ್ಯಾಡ, ಕುರ್ಚಿ ದುಂಡಗೆ ಹಾಕ್ರಿ. ಎಲ್ಲರಿಗೂ ಕುರ್ಚಿ ಸಾಲದಿದ್ರೆ ಎಲ್ಲರೂ ಜಮಖಾನದ ಮೇಲೆ. ಹದಿನೈದು ಮಂದಿಗಿಂತ ಹೆಚ್ಚಾದ್ರೆ ಐದೈದು ಜನರ ಗುಂಪು ಮಾಡಿ ಹತ್ತು ನಿಮಿಷ ಬಿಡಿ. ಪ್ರತಿ ಗುಂಪಿನಲ್ಲೂ ಮೇಲಿನ ತೂಬಿನವರೂ ಕೆಳಗಿನವರೂ ಇರಲೇಬೇಕು, ಇಲ್ಲಾಂದ್ರೆ ಎರಡು ಪಾರ್ಟಿ ಆಗಿ ವಾಪಸ್ ಬರ್ತಾರೆ.

ಆಮೇಲೆ ಒಬ್ಬೊಬ್ಬರಿಗೆ ಎರಡು ನಿಮಿಷ. ಮೊದಲು ಟೇಲೆಂಡ್‌ನವರು, ಅಂದ್ರೆ ಕಾಲುವೆಯ ಕೊನೆಯವರು, ಮತ್ತೆ ಹೆಣ್ಮಕ್ಕಳು; ಹಿರಿಯರು ಕಡೆಗೆ. ದೊಡ್ಡವರು ಒಮ್ಮೆ ‘ಹಿಂಗ ಆಗ್ಲಿ’ ಅಂದ ಮೇಲೆ ಎರಡೆಕರೆ ಭತ್ತದವನು ಅವರ ಎದುರು ಬಾಯಿ ಬಿಡ್ತಾನೇನು? ಸಭೆ ನಡೆಸೋರ ಅಭಿಪ್ರಾಯ ಎಲ್ಲರಿಗಿಂತ ಕಡೆಗೆ, ಹೇಳದಿದ್ರೂ ನಡೆಯುತ್ತೆ. ಪ್ರಶ್ನೆ ಕೇಳಿ ಮೌನ ಆಯ್ತು ಅಂತ ನೀವೇ ಉತ್ತರ ಕೊಡಬ್ಯಾಡ್ರಿ, ಮನಸ್ಸಲ್ಲೇ ಹತ್ತು ಎಣಿಸಿ. ಯಾರಾದ್ರೂ ಬಾಯಿ ತೆರೀತಾರೆ.

ಮಾತು ಬಿಡದವರಿಗೆ ಅಡ್ಡಬಾಯಿ ಹಾಕಿದ್ರೆ ಅವಮಾನ ಆಗುತ್ತೆ. ‘ಗೌಡ್ರ, ನಿಮ್ಮ ಮಾತು ಬರ್ಕೊಂಡೀನಿ, ನೋಡ್ರಿ. ಈಗ ಕೆಳಗಿನವರದು ಕೇಳೋಣು’ ಅಂತ ಬರೆದಿದ್ದನ್ನ ತೋರಿಸಿ. ತೋರಿಸೋದು ಮುಖ್ಯ, ಬಹಳಷ್ಟು ಜನ ಅದನ್ನೇ ಮತ್ತೆ ಮತ್ತೆ ಹೇಳೋದು ಯಾರೂ ಕೇಳಿಸ್ಕೊಂಡಿಲ್ಲ ಅನ್ನೋ ಅನುಮಾನಕ್ಕೆ. ಗೊಬ್ಬರ, ಬೆಳೆ ವಿಮೆ ವಿಷಯ ಬಂದ್ರೆ ‘ಆಮೇಲೆ ಮಾತಾಡೋದು’ ಅನ್ನೋ ಬೇರೆ ಪಟ್ಟಿಗೆ ಬರೀರಿ.

ಚಹಾ ನಡುವೆ ಬೇಡ. ಎದ್ದವರು ತಿರುಗಿ ಬರಲ್ಲ.

ಠರಾವು ಅಲ್ಲೇ ಬರೀಬೇಕು: ಯಾವ ತೂಬು, ಯಾವ ದಿನ, ಯಾವ ಹೊತ್ತಿಂದ ಯಾವ ಹೊತ್ತಿನ ತನಕ, ರಾತ್ರಿ ಕಾಲುವೆ ಕಾಯೋರು ಯಾರು. ಗಟ್ಟಿಯಾಗಿ ಓದಿ, ಒಪ್ಪದವರ ಮಾತನ್ನೂ ಒಂದು ಸಾಲು ಸೇರಿಸಿ, ಆಮೇಲೇ ಸಹಿ. ಹಾಜರಿ ಪುಸ್ತಕವೂ ಅಲ್ಲಿ ತನಕ ಮುಚ್ಚಿರಲಿ. ಮುಂದಿನ ಸಭೆಯಲ್ಲಿ ಇದನ್ನೇ ಮೊದಲು ಓದಿ ಯಾವ ತೂಬಿಗೆ ಎಷ್ಟು ಬಂತು ಅಂತ ಕೇಳಿ, ಹೊಸ ವಿಷಯ ಆಮೇಲೆ.