ವಧುವಿಗೊಂದು ಮಹಾಪ್ರಾಣ

ತಂಗಿಯ ಲಗ್ನಪತ್ರಿಕೆ ನಾನೇ ಡಿಸೈನ್ ಮಾಡ್ತೀನಿ ಅಂತ ಹೇಳಿದ್ದು ನಾನೇ, ಯಾರೂ ಕೇಳಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಇಂಕ್‌ಸ್ಕೇಪ್ ಅನ್ನೋ ಚಿತ್ರ ಬರೆಯೋ ಸಾಫ್ಟ್‌ವೇರ್ ಇತ್ತು, ಅದು ಪುಕ್ಕಟೆ, ನನಗೆ ಒಂದು ವಾರ ರಜೆ. ಮನುಷ್ಯ ಕಲಾವಿದನಾಗೋದಕ್ಕೆ ಇನ್ನೇನು ಬೇಕು?

ಕಾರ್ಡಿನ ಮೂಲೆಗೊಂದು ಮಾವಿನಕಾಯಿ ಬರೆಯೋಣ, ಸೀರೆ ಅಂಚಿನಲ್ಲಿರುತ್ತಲ್ಲ ಅಂಥದ್ದು, ಅಂತ ಪೆನ್ ಟೂಲ್ ಹಿಡಿದೆ. ಅದು ಎಳೆಯೋದು ಬೆಜಿಯೆ ಗೆರೆ. ರೆನೋ ಕಾರ್ ಕಂಪನಿಯ ಎಂಜಿನಿಯರ್ ಪಿಯೆರ್ ಬೆಜಿಯೆ 1960ರ ದಶಕದಲ್ಲಿ ಕಾರಿನ ಮೈತಿರುವುಗಳನ್ನು ಲೆಕ್ಕಕ್ಕಿಳಿಸಲು ಬಳಸಿದ ವಿದ್ಯೆ. ಗೆರೆಯ ಎರಡು ತುದಿಗೆ ಎರಡು ಚುಕ್ಕಿ, ಚುಕ್ಕಿಗೆ ಕಿವಿಯಂಥ ಹಿಡಿಕೆ. ಕಿವಿ ಹಿಂಡಿದ ಹಾಗೆ ಗೆರೆ ಬಾಗುತ್ತದೆ. ಅವರಿಗೆ ಕಾರು ಬಂತು. ನನಗೆ ಬದನೆಕಾಯಿ.

ಕಷ್ಟವೆಲ್ಲ ಮಾವಿನ ಮೂತಿಯಲ್ಲಿ. ಎಡಗಿವಿ ಹಿಂಡಿದರೆ ಬಲಗಿವಿಯೂ ತಿರುಗುತ್ತದೆ, ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಗೂನು. ಶಿಫ್ಟ್ ಹಿಡಿದು ಸಿ ಒತ್ತಿದರೆ ಎರಡು ಕಿವಿಗಳ ಋಣ ಹರಿಯುತ್ತದೆ ಅಂತ ತಿಳಿಯುವಷ್ಟರಲ್ಲಿ 43 ಚುಕ್ಕಿ ಇಟ್ಟಾಗಿತ್ತು. ಅಮ್ಮ ಹಿಂದಿನಿಂದ ಬಗ್ಗಿ ನೋಡಿ, "ಇಷ್ಟು ಚುಕ್ಕಿ ಇಟ್ಟಿದ್ರೆ ನಾನು ತೇರೇ ಎಳೀತಿದ್ದೆ" ಅಂದಳು.

ಅಂತೂ ಫೈಲ್ ಪ್ರೆಸ್ಸಿಗೆ ಹೋಯಿತು. ಅರ್ಧ ಗಂಟೆಗೆ ಫೋನ್: "ಸಾರ್, ನಿಮ್ಮ ಫಾಂಟ್ ನಮ್ಮಲ್ಲಿಲ್ಲ, ಒತ್ತಕ್ಷರ ಎಲ್ಲಾ ಉದುರಿ ಬಿದ್ದಿದೆ. ಕರ್ವ್ ಮಾಡಿ ಕಳ್ಸಿ." ಕರ್ವ್ ಮಾಡೋದು ಅಂದರೆ ಅಕ್ಷರವನ್ನು ಆಕಾರವಾಗಿಸೋದು. ಆಮೇಲೆ ಅದು ಯಾವ ಕಂಪ್ಯೂಟರಿನಲ್ಲೂ ಕೆಡೋದಿಲ್ಲ. ತಿದ್ದೋದಕ್ಕೂ ಆಗೋದಿಲ್ಲ, 'ಕ' ಇನ್ನು ಕ ಅಲ್ಲ, ಕ ತರಹದ ಒಂದು ಚಿತ್ರ ಅಷ್ಟೆ. ನಾನು ಕರ್ವ್ ಮಾಡಿ, ಅದೇ ಹೆಸರಿನಲ್ಲಿ ಸೇವ್ ಒತ್ತಿ, ಫೈಲ್ ಮುಚ್ಚಿದೆ. ರಾತ್ರಿ ಹನ್ನೊಂದಕ್ಕೆ ತಂಗಿ ಮೊಬೈಲಿನಲ್ಲಿ ನೋಡಿ ಕಿರುಚಿದಳು. ಅವಳ ಹೆಸರಿನ ಮೇಲೆ 'ವದು' ಅಂತಿತ್ತು.

ದ-ಗೂ ಧ-ಗೂ ಏನು ವ್ಯತ್ಯಾಸ, ಕೆಳಗೊಂದು ಪುಟ್ಟ ಸೀಳು ತಾನೆ? ಕೆಳಸಾಲಿನ "ಸಕುಟುಂಬ ಬಂಧುಮಿತ್ರರೊಂದಿಗೆ ಆಗಮಿಸಿ" ಎನ್ನುವಲ್ಲಿ ಒಳ್ಳೇ ಧು ಕೂತಿತ್ತು. ಅದರ ಸೀಳಿನ ಮೇಲೆ ಒಂದು ಚೌಕ ಇಟ್ಟು ಡಿವಿಷನ್ ಒತ್ತಿದೆ. ಸೀಳು ಕತ್ತರಿಸಿದ ಉಗುರಿನಂತೆ ಬೇರೆಯಾಯಿತು. ಎಳೆದು ತಂದು ವದುವಿನ ಕೆಳಗಿಟ್ಟೆ. ಅಲ್ಲಿ ಅಕ್ಷರ ದೊಡ್ಡದು, ಸೀಳನ್ನೂ ಹಿಗ್ಗಿಸಿದೆ. ಗೆರೆಗಳನ್ನು ಲೆಕ್ಕವಾಗಿ ಇಟ್ಟುಕೊಳ್ಳುವ ವೆಕ್ಟರ್ ಚಿತ್ರ ಅಲ್ಲವೇ, ಎಷ್ಟು ಹಿಗ್ಗಿಸಿದರೂ ಅಂಚು ಮಸುಕಾಗಲಿಲ್ಲ. ಯೂನಿಯನ್ ಒತ್ತಿ ಬೆಸೆದೆ. ವದು ವಧುವಾದಳು. (ಇಡೀ 'ವಧು'ವನ್ನೇ ಹೊಸದಾಗಿ ಟೈಪ್ ಮಾಡಿ ಇಟ್ಟಿದ್ದರೆ ಎರಡು ನಿಮಿಷದ ಕೆಲಸ. ಆ ಬುದ್ಧಿ ಮದುವೆ ಮುಗಿದ ಮೇಲೆ ಬಂತು.)

ಸೀಳನ್ನು ನಕಲು ಮಾಡಿಕೊಳ್ಳದೆ ಮೂಲವನ್ನೇ ಎತ್ತಿಕೊಂಡು ಬಂದಿದ್ದೆ ಅಂತ ಗೊತ್ತಾಗಿದ್ದು 400 ಕಾರ್ಡ್ ಅಚ್ಚಾಗಿ ಮನೆಗೆ ಬಂದಾಗ. ಬಂಧುಗಳ ಮಹಾಪ್ರಾಣ ತೆಗೆದು ವಧುವಿಗೆ ಕೊಟ್ಟಿದ್ದೆ. "ಸಕುಟುಂಬ ಬಂದುಮಿತ್ರರೊಂದಿಗೆ ಆಗಮಿಸಿ." ಅಪ್ಪ ಕನ್ನಡಕ ಏರಿಸಿ ಎರಡು ಸಲ ಓದಿ, "ಯಾರೂ ಅಷ್ಟು ಕೆಳಗೆ ಓದಲ್ಲ, ಹಂಚು" ಅಂದರು.

ಒಬ್ಬರು ಓದಿದ್ದರು. ನಮ್ಮ ಸೋದರಮಾವ, ನಿವೃತ್ತ ಕನ್ನಡ ಮೇಷ್ಟ್ರು. ಮುಹೂರ್ತದ ಹೊತ್ತಿಗೆ ಟೆಂಪೊ ಟ್ರ್ಯಾಕ್ಸಿನಿಂದ ಇಳಿದರು. ಹಿಂದೆ ಅವರ ಬೆಳಗಿನ ವಾಕಿಂಗ್ ಬಳಗ, ಒಂಬತ್ತು ಜನ, ಒಬ್ಬರನ್ನೂ ನಾವು ಕಂಡಿದ್ದಿಲ್ಲ.

"ಅತ್ತೆ, ಅವರ ಮನೆಯವರು ಯಾರೂ ಬರಲಿಲ್ವಾ ಮಾವ?"

"ಪತ್ರಿಕೇಲಿ ನೀನು ಬಂಧುಗಳನ್ನೇ ತೆಗೆದುಹಾಕಿದ್ದೀಯಲ್ಲಪ್ಪ. ಮಿತ್ರರು ಮಾತ್ರ ಉಳಿದಿದ್ರು, ಕರ್ಕೊಂಡು ಬಂದೆ. ಊಟ ಎಷ್ಟು ಹೊತ್ತಿಗೆ?"