ಗೂಟದ ವಿಮಾನ

ಗೂಟ ಬಡಿಯುವ ನಮ್ಮ ಸುತ್ತಿಗೆ ಎರವಲು ಹೋಗಿ ಮುಕ್ಕಾಲು ಗಂಟೆ ಆಯಿತು. "ಎರಡೇ ನಿಮಿಷ ಸಾರ್, ಈಗ ಬಂದೆ" ಅಂದ ಮಹಾನುಭಾವರು ಮೂರನೇ ಸಾಲಿನ ತುದಿಯಲ್ಲಿ ಮಡಚುಕುರ್ಚಿ ಬಿಡಿಸಿ ಕೂತಿದ್ದಾರೆ. ಅವರ ಕೈಯಲ್ಲಿ ಸುತ್ತಿಗೆ ಇಲ್ಲ. ಇಲ್ಲಿ ಗಾಳಿಗೆ ಹಾರದಂತೆ ವಿಮಾನದ ಎಡ ರೆಕ್ಕೆಯನ್ನು ನೆಲದ ಗೂಟಕ್ಕೆ ಕಟ್ಟಿಯಾಗಿದೆ, ಬಲ ರೆಕ್ಕೆ ಅರ್ಧಂಬರ್ಧ, ಬಾಲ ದೇವರ ಮೇಲೆ ಭಾರ. ಪಡುವಣದಲ್ಲಿ ಮೋಡ ಬೇರೆ ಕಪ್ಪಾಗುತ್ತಿದೆ.

ಕೆಂಪು ದೀಪದ ಗೂಟದ ಕಾರು ಇದ್ದ ಕಾಲದಲ್ಲಿ ಅದು ಬಂತೆಂದರೆ ಜನ ದಾರಿ ಬಿಡುತ್ತಿದ್ದರು. ಗೂಟದ ವಿಮಾನದವರಿಗೆ ಆ ಭಾಗ್ಯವಿಲ್ಲ. ಹುಲ್ಲಿನ ಮೈದಾನದಲ್ಲಿ ಮಂಡಿಯೂರಿ, ಒಂಬತ್ತು ಕಬ್ಬಿಣದ ಕಡ್ಡಿ ಬಡಿದು, ಎದ್ದು ನಿಲ್ಲುವಾಗ ರೆಕ್ಕೆಯ ಹಿಂದಿನ ಅಂಚಿಗೆ ಹಣೆ ಕೊಟ್ಟು, ಆ ಮುದ್ರೆ ಹೊತ್ತು ಊಟಕ್ಕೆ ಹೋಗುವವರು ನಾವು. ಹ್ಯಾಂಗರ್, ಅಂದರೆ ವಿಮಾನಕ್ಕೊಂದು ಸೂರು, ಇರುವವರು ಇದನ್ನು ಓದಬೇಕಾಗಿಲ್ಲ. ಓದಿದರೂ ನಗಬಾರದು.

ಕಟ್ಟಲೇಬೇಕಾ ಅಂತ ಕೇಳುವವರು ಪ್ರತಿ ವರ್ಷ ಒಬ್ಬರಾದರೂ ಸಿಗುತ್ತಾರೆ. ರೆಕ್ಕೆಗೆ ಗೊತ್ತಿರುವುದು ಒಂದೇ ಕೆಲಸ: ಎದುರಿನಿಂದ ಗಾಳಿ ಬಂದರೆ ಮೇಲೆತ್ತುವುದು. ಪೈಲಟ್ ಒಳಗೆ ಕೂತಿದ್ದಾನೋ ಕ್ಯಾಂಟೀನಿನಲ್ಲಿ ಕೂತಿದ್ದಾನೋ ಅದು ವಿಚಾರಿಸುವುದಿಲ್ಲ. ಪೈಪರ್ ಕಬ್ ಜೆ-3 ಎಂಬ ಪುಟ್ಟ ವಿಮಾನ ಇಬ್ಬರನ್ನು ಹೊತ್ತು ಗಾಳಿಯಲ್ಲಿ ನಿಲ್ಲಬಲ್ಲ ಕನಿಷ್ಠ ವೇಗ ಸುಮಾರು 33 ನಾಟ್, ಅಂದರೆ ಗಂಟೆಗೆ 61 ಕಿಲೋಮೀಟರ್. ಖಾಲಿ ತೂಕ ಸುಮಾರು 345 ಕಿಲೋ. ಅದು ಬಾಲದ ಮೇಲೆ ಕೂತು ಮೂಗು ಮೇಲೆತ್ತಿಕೊಂಡೇ ನಿಲ್ಲುವ ಜಾತಿ. ಖಾಲಿ ನಿಂತಾಗ 33 ನಾಟ್ ಕೂಡ ಬೇಕಾಗಿಲ್ಲ, ಅದಕ್ಕಿಂತ ಕಡಿಮೆಗೇ ಕಾಲು ಕೀಳುತ್ತದೆ. ಮೂಗಿನ ಚಕ್ರದ ಸೆಸ್ನಾ 172 ಸಮವಾಗಿ ನಿಲ್ಲುವುದರಿಂದ ಸ್ವಲ್ಪ ಸಾಧು. ಆದರೂ 16 ಚದರ ಮೀಟರ್ ರೆಕ್ಕೆ ಅದಕ್ಕೂ ಇದೆ. ಗಾಳಿಯ ವೇಗ ದುಪ್ಪಟ್ಟಾದರೆ ಎತ್ತುವ ಬಲ ನಾಲ್ಕು ಪಟ್ಟು. ಸಂಜೆ 15 ನಾಟ್ ಗಾಳಿಗೆ "ಆಹಾ, ಏನು ತಂಪು" ಅಂದವರೇ ರಾತ್ರಿ 45 ನಾಟ್ ಬಂದಾಗ ಒಂಬತ್ತು ಪಟ್ಟಿನ ಲೆಕ್ಕ ಕಲಿಯುತ್ತಾರೆ, ಟಾರ್ಚ್ ಹಿಡಿದು, ಒಳಉಡುಪಿನಲ್ಲಿ.

ಗೂಟಗಳ ವಿಚಾರಕ್ಕೆ ಬರೋಣ. ಟೆಂಟಿಗೆ ಬಡಿಯುವ ನೇರ ಗೂಟವನ್ನು ವಿಮಾನಕ್ಕೆ ಬಡಿಯುವವರಿದ್ದಾರೆ. ಅದು ಗೂಟವಲ್ಲ, ಹರಕೆ. ಸುರುಳಿ ಗೂಟ, ಅಂದರೆ ಬಿರಡೆ ತೆಗೆಯುವ ಸಾಧನದ ಅಣ್ಣನಂತಿರುವುದು, ಮೆತ್ತಗಿನ ಒಳ್ಳೆ ಮಣ್ಣಿನಲ್ಲಿ ಚೆನ್ನಾಗಿ ಇಳಿಯುತ್ತದೆ. ನಾಲ್ಕು ಸುತ್ತು ತಿರುಗಿಸುವಷ್ಟರಲ್ಲಿ ಒಂದು ಕಲ್ಲು ಸಿಕ್ಕಿತೆಂದರೆ ಮುಗಿಯಿತು, ಆಮೇಲೆ ಗೂಟ ತಿರುಗುವುದಿಲ್ಲ, ನಾವೇ ಅದರ ಸುತ್ತ ತಿರುಗುತ್ತೇವೆ. ಇದನ್ನು ನೆಟ್ಟಗೆ ಇಳಿಸಿ ಹಗ್ಗವನ್ನು ಓರೆಯಾಗಿ ಕಟ್ಟುವುದು ಎಲ್ಲರೂ ಮಾಡುವ ತಪ್ಪು. ಪ್ರತಿ ಜಗ್ಗಿಗೂ ಕುತ್ತಿಗೆ ವಾಲಾಡಿ, ಸುತ್ತಲಿನ ಮಣ್ಣು ಆಲಿಕೆಯ ಬಾಯಿಯಂತೆ ಅಗಲವಾಗಿ, ಕೊನೆಗೆ ಗೂಟ ಮಣ್ಣಿನ ಹೆಂಟೆ ಸಮೇತ ಮೇಲೆ ಬರುತ್ತದೆ. ಹಗ್ಗ ಯಾವ ಓರೆಯಲ್ಲಿ ಎಳೆಯುತ್ತದೋ ಅದೇ ಓರೆಯಲ್ಲಿ ಸುರುಳಿ ಇಳಿಯಬೇಕು.

ಮೂರನೆಯದು ಮುಕ್ಕಾಲಿ ಗೂಟ. ಒಂದು ತಲೆ, ಅದರಲ್ಲಿ ಮೂರು ಓರೆ ತೂತು, ಮೂರು ಕಡ್ಡಿಗಳು ಮೂರು ದಿಕ್ಕಿಗೆ ಕಾಲು ಚಾಚಿಕೊಂಡು ನೆಲದೊಳಗೆ ಹೋಗುತ್ತವೆ. ಮೇಲಕ್ಕೆ ಎಳೆದರೆ ಕಡ್ಡಿ ಬಂದ ದಾರಿಯಲ್ಲೇ ಜಾರಿ ಹೋಗಲಾರದು. ಒಂದೊಂದೂ ಅಡ್ಡಡ್ಡ ಮಣ್ಣನ್ನು ಒತ್ತಿ ಹಿಡಿಯುತ್ತದೆ. ರಾಜಕಾರಣದಲ್ಲಿ ಗೂಟ ಹೊಡೆದುಕೊಂಡು ಕೂತವರು ಅನ್ನುತ್ತೇವಲ್ಲ, ಅವರದೂ ಇದೇ ವಿನ್ಯಾಸ ಇರಬೇಕು. ಎರಡು ರೆಕ್ಕೆ, ಒಂದು ಬಾಲ, ತಲಾ ಮೂರು ಕಡ್ಡಿ, ಒಟ್ಟು ಒಂಬತ್ತು. ಗಟ್ಟಿ ನೆಲವಾದರೆ ಕಡ್ಡಿಗೆ ಇಪ್ಪತ್ತು ಪೆಟ್ಟು. ನೂರ ಎಂಬತ್ತು ಪೆಟ್ಟುಗಳಲ್ಲಿ ಒಂದೆರಡು ಹೆಬ್ಬೆರಳಿನ ಪಾಲು. ಒದ್ದೆ ನೆಲದಲ್ಲಿ ಕಡ್ಡಿ ಬಾಳೆಹಣ್ಣಿಗೆ ಸೂಜಿ ಇಳಿದ ಹಾಗೆ ಇಳಿಯುತ್ತದೆ, ಖುಷಿಪಡಬೇಡಿ, ಬರುವುದೂ ಹಾಗೆಯೇ. ಬಿಸಿಲಲ್ಲಿ ಬಡಿದು, ಎಳೆದು ನೋಡಿ, ಭೇಷ್ ಅಂದುಕೊಂಡ ಗೂಟದ ಬುಡವನ್ನು ಮಳೆ ಮೆತ್ತಗೆ ಮಾಡುತ್ತದೆ. ಗಾಳಿ ಬರುವುದೂ ಆ ಮಳೆಯ ಜೊತೆಗೇ.

ಈಗ ಸುತ್ತಿಗೆ.

ಅಮೆರಿಕದ ಓಷ್‌ಕಾಷ್‌ನಲ್ಲಿ ಪ್ರತಿ ಜುಲೈ ಕೊನೆಗೆ ನಡೆಯುವ ವಿಮಾನ ಮೇಳದ ಸಮಯಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ವಿಮಾನಗಳು ಸೇರುತ್ತವೆ. ಹುಲ್ಲಿನಲ್ಲಿ ನಿಲ್ಲಿಸುವವರು ಕಟ್ಟುವ ಸಾಮಾನು ತಾವೇ ತರಬೇಕು. ಆ ಸಾಮಾನಿನಲ್ಲಿ ಸುತ್ತಿಗೆಯೂ ಸೇರಿದೆ ಅನ್ನುವುದು ಒಂದು ವರ್ಗದ ಜನಕ್ಕೆ ಹೊಳೆಯುವುದೇ ಇಲ್ಲ. ಈ ವರ್ಗ ಎಲ್ಲ ಮೈದಾನದಲ್ಲೂ ಇದೆ. ಇವರ ವಿಮಾನದಲ್ಲಿ ಎರಡು ಟ್ಯಾಬ್ಲೆಟ್ ಇರುತ್ತದೆ, ಶಬ್ದ ನುಂಗುವ ಹೆಡ್‌ಸೆಟ್ ಇರುತ್ತದೆ, ಗಾಜಿಗೆ ಅಳತೆಯ ಬಿಸಿಲುಪರದೆ ಇರುತ್ತದೆ, ಕಾಫಿ ಸೋಸುವ ಯಂತ್ರ ಇರುತ್ತದೆ. ಸುತ್ತಿಗೆ ಇರುವುದಿಲ್ಲ. ಯಾಕೆಂದರೆ "ತೂಕ ಸಾರ್". ಹೊರಡುವ ಮುನ್ನ ಬ್ಯಾಗೇಜನ್ನು ಒಂದೊಂದಾಗಿ ತೂಗಿ, ಭಾರಕೇಂದ್ರ ಲೆಕ್ಕ ಹಾಕಿ, ಒಂದೂವರೆ ಕಿಲೋ ಉಳಿಸಿದ್ದಾರೆ. ಆ ಒಂದೂವರೆ ಕಿಲೋ ಹೊತ್ತವರು ಪಕ್ಕದ ಸಾಲಿನವರು.

ಸುತ್ತಿಗೆ ತರದವರು ಕೇಳಲು ಬರುವ ರೀತಿಯೇ ಬೇರೆ. ನೇರವಾಗಿ ಕೇಳುವುದಿಲ್ಲ. ಮೊದಲು ಬೆನ್ನ ಹಿಂದೆ ಕೈ ಕಟ್ಟಿಕೊಂಡು ನಿಂತು ನಮ್ಮ ಕೆಲಸ ನೋಡುತ್ತಾರೆ. ಬೂಟಿನ ತುದಿಯಿಂದ ಗೂಟವನ್ನು ಮೆಲ್ಲಗೆ ಒದೆಯುತ್ತಾರೆ. ಹಗ್ಗವನ್ನು ತಂಬೂರಿಯ ತಂತಿಯಂತೆ ಮೀಟಿ, ಶ್ರುತಿ ಸರಿಯಿಲ್ಲ ಅನ್ನುವ ಹಾಗೆ ಮುಖ ಮಾಡುತ್ತಾರೆ. "ಈ ಮಣ್ಣಲ್ಲಿ ಇದು ನಿಲ್ಲಲ್ಲ ಬಿಡಿ." ಸ್ವಲ್ಪ ಹೊತ್ತು ಮೌನ. ಆಮೇಲೆ, ಈಗಷ್ಟೇ ನೆನಪಾದವರಂತೆ: "ಸುತ್ತಿಗೆ ನಿಮ್ಮದೇನಾ?"

ಇಲ್ಲ ಅನ್ನುವ ಹಾಗಿಲ್ಲ. ಧಾರಾಳತನಕ್ಕಲ್ಲ, ಭಯಕ್ಕೆ. ಅವರ ವಿಮಾನ ಬಿಚ್ಚಿಕೊಂಡರೆ ಗಾಳಿ ಅದನ್ನು ತಂದು ಹಾಕುವುದು ನಮ್ಮದರ ಮೇಲೆಯೇ. 2011ರ ಮಾರ್ಚ್ 31ರಂದು ಫ್ಲಾರಿಡಾದ ಲೇಕ್‌ಲ್ಯಾಂಡ್‌ನಲ್ಲಿ ವಿಮಾನ ಮೇಳದ ನಡುವೆಯೇ ಸುಂಟರಗಾಳಿ ಬಡಿದು ಹತ್ತಾರು ವಿಮಾನಗಳು ಜಖಂ ಆದವು, ಹಲವು ಅಂಗಾತ ಮಗುಚಿದವು. ನಮ್ಮ ಗೂಟ ಎಷ್ಟೇ ಗಟ್ಟಿಯಿರಲಿ, ಪಕ್ಕದವರ ಗೂಟವೇ ನಮ್ಮ ವಿಮೆ. ಹಾಗಾಗಿ ಕೊಡುತ್ತೇವೆ. ಹಲ್ಲು ಕಚ್ಚಿಕೊಂಡು, "ಪರವಾಗಿಲ್ಲ, ನಿಧಾನಕ್ಕೆ ಕೊಡಿ" ಅಂತಲೂ ಹೇಳುತ್ತೇವೆ. ನಿಧಾನಕ್ಕೆ ಅನ್ನುವ ಮಾತೊಂದನ್ನು ಮಾತ್ರ ಅವರು ಶಿರಸಾ ವಹಿಸಿ ಪಾಲಿಸುತ್ತಾರೆ.

ಅಲ್ಲಿಂದ ಸುತ್ತಿಗೆಯ ತೀರ್ಥಯಾತ್ರೆ ಶುರು. ಅವರ ಪಕ್ಕದವರೂ ತಂದಿರುವುದಿಲ್ಲವಲ್ಲ. ಕೈಯಿಂದ ಕೈಗೆ, ಸಾಲಿನಿಂದ ಸಾಲಿಗೆ ಅದು ಹೋಗುತ್ತಲೇ ಇರುತ್ತದೆ. ಮೈದಾನದ ಯಾವ ಮೂಲೆಯಿಂದ ಟಣ್ ಟಣ್ ಕೇಳಿಸಿದರೂ ನಮ್ಮದೇ ಅನ್ನಿಸುತ್ತದೆ. ಮುಕ್ಕಾಲು ಪಾಲು ನಮ್ಮದೇ ಆಗಿರುತ್ತದೆ. ಕಾಯುವಷ್ಟು ತಾಳ್ಮೆ ಇಲ್ಲದವರು ಕೈಗೆ ಸಿಕ್ಕಿದ್ದರಲ್ಲಿ ಬಡಿಯುತ್ತಾರೆ. ಕಲ್ಲಿನಿಂದ ಬಡಿದರೆ ಕಡ್ಡಿಯ ತಲೆ ಅಣಬೆಯಾಗಿ ಅರಳಿ, ತಲೆಪಟ್ಟಿಯ ತೂತಿನಿಂದ ಮತ್ತೆ ಹೊರಬರುವುದಿಲ್ಲ. ಚಕ್ರಕ್ಕೆ ಕೊಡುವ ಮರದ ಅಡೆಯಿಂದ ಬಡಿದರೆ ಅಡೆ ಸೀಳುತ್ತದೆ. ಮೂಗಿನ ಚಕ್ರಕ್ಕೆ ಸಿಕ್ಕಿಸಿ ಎಳೆಯುವ ಟೋ ಬಾರ್‌ನಿಂದ ಬಡಿಯುವವರೂ ಇದ್ದಾರೆ. ಅದು ಬಾಗಿದ ಮೇಲೆ ವಿಮಾನ ತಳ್ಳಲು ನಾಲ್ಕು ಜನರನ್ನು ಕರೆಯಬೇಕು, ಆ ನಾಲ್ವರಲ್ಲಿ ನಾವೂ ಒಬ್ಬರು.

ಹಗ್ಗದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಆದರೆ ಸುಮ್ಮನಿರಲೂ ಆಗುವುದಿಲ್ಲ. 10 ಮಿಲಿಮೀಟರ್ ನೈಲಾನ್ ಹೆಣೆದ ಹಗ್ಗ ಸಾಕು. ಸಣ್ಣ ಒಂಟಿ ಎಂಜಿನ್ ವಿಮಾನದ ಹಗ್ಗ ಸುಮಾರು 3,000 ಪೌಂಡ್ ಎಳೆತ ತಾಳಬೇಕು ಅನ್ನುವುದು ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಸುತ್ತೋಲೆಯ ಹಳೆಯ ಮಾತು. ನಾರಿನ ಮನಿಲಾ ಹಗ್ಗ ನೆನೆದರೆ ಕುಗ್ಗಿ ರೆಕ್ಕೆಯನ್ನು ಕೆಳಕ್ಕೆ ಹಿಂಡುತ್ತದೆ. ಬಟ್ಟೆ ಒಣಹಾಕುವ ಬಣ್ಣದ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಪುಡಿಯಾಗುತ್ತದೆ, ಗಂಟೂ ಜಾರುತ್ತದೆ. ರೆಕ್ಕೆಯ ರಿಂಗಿನಿಂದ ಸುಮಾರು 45 ಡಿಗ್ರಿ ಓರೆಯಲ್ಲಿ ಇಳಿಸಿ, ಜಾರದ ಬೌಲೈನ್ ಗಂಟು ಹಾಕಿ, ಒಂದು ಇಂಚು ಆಡುವಷ್ಟು ಬಿಡಿ. ಸಡಿಲ ಜಾಸ್ತಿಯಾದರೆ ವಿಮಾನ ಓಡಿ ಬಂದು ಜಗ್ಗುತ್ತದೆ, ಗೂಟ ಕಿತ್ತು ಬರುವುದು ಆ ಜಗ್ಗಿಗೇ. ಬಿಗಿ ಜಾಸ್ತಿಯಾದರೆ ಗಾಳಿಯೇ ಬೇಡ, ರೆಕ್ಕೆಗೆ ನೀವೇ ಸಾಕು. ಲಾರಿಯ ಲೋಡು ಕಟ್ಟುವ ರ‍್ಯಾಚೆಟ್ ಪಟ್ಟಿಯನ್ನು ಟಯರ್ ಕುಕ್ಕರುಗಾಲಲ್ಲಿ ಕೂರುವ ತನಕ ಕಟಕಟ ಬಿಗಿಯುವವರನ್ನು ಕಂಡರೆ ದೂರದಿಂದಲೇ ಕೈ ಮುಗಿಯಿರಿ. ರಿಂಗ್ ಕಾಣಿಸಲಿಲ್ಲವೆಂದು ರೆಕ್ಕೆಯ ಊರುಗೋಲಿನ ನಟ್ಟನಡುವೆ ಹಗ್ಗ ಸುತ್ತುವವರನ್ನು ಮಾತ್ರ ಓಡಿಹೋಗಿ ತಡೆಯಿರಿ. ಅದು ಬಾಗಿದರೆ ಆ ವಿಮಾನ ಮನೆಗೆ ಹೋಗುವುದು ಲಾರಿಯಲ್ಲಿ.

ಮೂಗು ಗಾಳಿಯತ್ತ, ಚಕ್ರದ ಹಿಂದೂ ಮುಂದೂ ಅಡೆ, ರೆಕ್ಕೆ-ಬಾಲದ ಚಲಿಸುವ ಪಟ್ಟಿಗಳು ಗಾಳಿಗೆ ಬಡಿದಾಡದಂತೆ ಹಿಡಿಯುವ ಕಂಟ್ರೋಲ್ ಲಾಕ್ ಒಳಗೆ, ಅದರ ಕೆಂಪು ಪಟ್ಟಿ ಕಣ್ಣಿಗೆ ಹೊಡೆಯುವಂತೆ ಹೊರಗೆ. ಹೊಡೆಯದಿದ್ದರೆ ಬೆಳಿಗ್ಗೆ ಲಾಕ್ ತೆಗೆಯದೆಯೇ ಹೊರಡುವವರಿದ್ದಾರೆ. ಅದು ನಗುವ ವಿಷಯವಲ್ಲ, ಜೀವ ಹೋದದ್ದಿದೆ.

ರಾತ್ರಿ ಗಾಳಿ ಎದ್ದಾಗ ರೆಕ್ಕೆಯ ಕೆಳಗಿನ ಟೆಂಟಿನಲ್ಲಿ ಮಲಗಿದವರಿಗೆ ನಿದ್ದೆ ಬರುವುದಿಲ್ಲ. ಹಗ್ಗ ಒಮ್ಮೆ ಕಿರ್ ಅನ್ನುತ್ತದೆ, ಸುಮ್ಮನಾಗುತ್ತದೆ, ಮತ್ತೆ ಕಿರ್. ರೆಕ್ಕೆ ಆ ಒಂದು ಇಂಚು ಮೇಲೆದ್ದು ಮತ್ತೆ ಕೂರುತ್ತದೆ. ಗೂಟಕ್ಕೆ ಕಟ್ಟಿದ ಕರು ತಾಯಿಯ ವಾಸನೆ ಬಂದ ಕಡೆಗೆ ಕತ್ತು ಚಾಚುವ ಹಾಗೆ. ಕಟ್ಟಿದ್ದು ನಾವೇ, ಸರಿಯಾಗಿಯೇ ಕಟ್ಟಿದ್ದೇವೆ, ಆದರೂ ಅಷ್ಟು ಹೊತ್ತು ಒಂಥರಾ ಅನ್ನಿಸುತ್ತದೆ.

ಬೆಳಿಗ್ಗೆ ಆ ಕರುಣೆ ಇರುವುದಿಲ್ಲ. ಎರಡು ರೆಕ್ಕೆ ಬಿಚ್ಚಿ, ಬಾಲ ಮರೆತು, ಎಂಜಿನ್ ಹಾಕಿ, ಹುಲ್ಲು ಎತ್ತರವಿದೆ ಅಂದುಕೊಂಡು ಥ್ರಾಟಲ್ ಇನ್ನಷ್ಟು ಒತ್ತುವವರೊಬ್ಬರು ಪ್ರತಿ ಸಾಲಿನಲ್ಲೂ ಇರುತ್ತಾರೆ. ಹಿಂದಿನ ಟೆಂಟುಗಳೆಲ್ಲ ಹಾರುತ್ತವೆ, ವಿಮಾನ ಒಂದು ಅಂಗುಲ ಅಲುಗುವುದಿಲ್ಲ. ಅವರ ಗೂಟ ಮಾತ್ರ ಗಟ್ಟಿ ಅಂತ ಇಡೀ ಮೈದಾನಕ್ಕೆ ಗೊತ್ತಾಗುತ್ತದೆ.

ಕಡ್ಡಿ ಕೀಳುವುದಕ್ಕೂ ಸುತ್ತಿಗೆ ಬೇಕು. ಆಚೀಚೆ ನಾಲ್ಕು ಪೆಟ್ಟು ಕೊಟ್ಟು ಅಲುಗಿಸದೆ ಅದು ಬರುವುದಿಲ್ಲ. ಮೂರನೇ ಸಾಲಿಗೆ ಹೋಗಿ ವಿಚಾರಿಸಿದರೆ ನಾಲ್ಕನೇ ಸಾಲು ಅನ್ನುತ್ತಾರೆ. ನಾಲ್ಕನೇ ಸಾಲಿನವರು ಆಕಾಶದ ಕಡೆ ಬೆರಳು ತೋರಿಸುತ್ತಾರೆ: "ಅಗೋ, ಆ ಬಿಳಿ ವಿಮಾನದವರು ತಗೊಂಡಿದ್ರು, ಈಗಷ್ಟೇ ಹೊರಟ್ರು." ಇಡೀ ಮೈದಾನದಲ್ಲಿ ಕಟ್ಟದೆ ಬಿಟ್ಟದ್ದು ಆ ಸುತ್ತಿಗೆಯೊಂದನ್ನೇ.